ಬಾಲ್ ಹೆಬ್ಬಾವಿನ ಆಹಾರ ನಿರಾಕರಣೆ

ಸಾಕಿದ ಬಾಲ್ ಹೆಬ್ಬಾವು (ವೈಜ್ಞಾನಿಕ ಹೆಸರು: ಪೈಥಾನ್ ರೀಜಿಯಸ್) ನೀಡಿದ ಆಹಾರವನ್ನು ಮುಟ್ಟದೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಪವಾಸವಿರುವ ಸ್ಥಿತಿಯನ್ನು ಆಹಾರ ನಿರಾಕರಣೆ ಎನ್ನುತ್ತಾರೆ. ಹೊಸದಾಗಿ ಹಾವು ಸಾಕುವವರನ್ನು ಹೆಚ್ಚಾಗಿ ಕಾಡುವ ಸಮಸ್ಯೆಗಳಲ್ಲಿ ಇದೂ ಒಂದು. ಬಹುತೇಕ ಸಂದರ್ಭಗಳಲ್ಲಿ ಇದಕ್ಕೆ ಕಾರಣ ರೋಗವಲ್ಲ. ವಾಸಸ್ಥಳದ ಕೊರತೆ, ಋತುಮಾನ ಅಥವಾ ಸಾಕುವವರ ಆತುರವೇ ಕಾರಣವಾಗಿರುತ್ತದೆ.

ಹಿನ್ನೆಲೆ

ಈ ಹಾವು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹುಲ್ಲುಗಾವಲು ಹಾಗೂ ವಿರಳ ಕಾಡುಗಳ ನಿವಾಸಿ. 1802ರಲ್ಲಿ ಜಾರ್ಜ್ ಶಾ ಇದನ್ನು ವೈಜ್ಞಾನಿಕವಾಗಿ ವಿವರಿಸಿದರು. ಹೆದರಿದಾಗ ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಇದಕ್ಕೆ ಈ ಹೆಸರು ಬಂದಿದೆ. ಹಗಲು ದಂಶಕಗಳ ಬಿಲಗಳಲ್ಲೂ ಗೆದ್ದಲ ಹುತ್ತಗಳಲ್ಲೂ ಅಡಗಿದ್ದು, ರಾತ್ರಿ ಸಣ್ಣ ಸಸ್ತನಿಗಳನ್ನು ಮತ್ತು ಪಕ್ಷಿಗಳನ್ನು ಬೇಟೆಯಾಡುತ್ತದೆ. ದೇಹದ ಶಾಖವನ್ನು ಕಾಯ್ದುಕೊಳ್ಳಲು ಆಹಾರವನ್ನು ವ್ಯಯಿಸಬೇಕಾಗಿಲ್ಲದ ಕಾರಣ, ಆರೋಗ್ಯವಂತ ಪ್ರೌಢ ಹಾವು ದೀರ್ಘ ಉಪವಾಸವನ್ನು ತಾಳಿಕೊಳ್ಳಬಲ್ಲದು. ಮರಿಗಳಿಗೆ ಅಷ್ಟು ತಾಳಿಕೆ ಇರುವುದಿಲ್ಲ.

ಕಾರಣಗಳು

* ಸ್ಥಳ ಬದಲಾವಣೆ: ಹೊಸ ಮನೆಗೆ ಬಂದ ಹಾವು ಮೊದಲ ಕೆಲವು ದಿನ ಅಥವಾ ವಾರ ಅಂಜಿಕೆಯಿಂದ ತಿನ್ನದಿರಬಹುದು.
* ತಾಪಮಾನ: ಶಾಖ ಸಾಲದಿದ್ದರೆ ಜೀರ್ಣಕ್ರಿಯೆ ನಿಧಾನವಾಗಿ ಹಸಿವು ಕುಗ್ಗುತ್ತದೆ.
* ಮರೆಯ ಕೊರತೆ: ಅಡಗಲು ಇಕ್ಕಟ್ಟಾದ ಜಾಗವಿಲ್ಲದ, ಎಲ್ಲ ಕಡೆಯಿಂದಲೂ ತೆರೆದ ಗಾಜಿನ ಪೆಟ್ಟಿಗೆ ಹಾವಿಗೆ ಭಯ ಹುಟ್ಟಿಸುತ್ತದೆ.
* ಪೊರೆ ಬಿಡುವ ಕಾಲ: ಕಣ್ಣು ನೀಲಿಯಾಗಿ ಮಸುಕಾದಾಗ ಅನೇಕ ಹಾವುಗಳು ಆಹಾರ ಬಿಡುತ್ತವೆ.
* ಋತುಮಾನ: ಸಂತಾನೋತ್ಪತ್ತಿಯ ಕಾಲದಲ್ಲಿ ಗಂಡುಗಳೂ, ಗರ್ಭ ಧರಿಸಿದ ಹೆಣ್ಣುಗಳೂ ಉಪವಾಸವಿರುವುದು ಸಹಜ.
* ಆಹಾರದ ವ್ಯತ್ಯಾಸ: ಜೀವಂತ ಇಲಿ ತಿಂದು ಬೆಳೆದ ಹಾವು ಸತ್ತ ಇಲಿಯನ್ನು ಆಹಾರವೆಂದು ಗುರುತಿಸದಿರಬಹುದು.

ಅನುಸರಿಸಬೇಕಾದ ಕ್ರಮ

ಮೊದಲು ಸರಿಪಡಿಸಬೇಕಾದದ್ದು ವಾಸಸ್ಥಳವನ್ನು. ಪೆಟ್ಟಿಗೆಯ ಒಂದು ತುದಿ ಸುಮಾರು 31ರಿಂದ 32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25ರಿಂದ 27 ಡಿಗ್ರಿ ಇರಬೇಕು. ಶಾಖದ ಉಪಕರಣಕ್ಕೆ ಥರ್ಮೋಸ್ಟಾಟ್ ಅಗತ್ಯ. ಗಾಳಿಯ ತೇವಾಂಶ ಶೇಕಡಾ 55ರಿಂದ 65ರಷ್ಟಿದ್ದರೆ ಒಳಿತು. ಎರಡೂ ತುದಿಗಳಲ್ಲಿ ಮೈಗೆ ತಾಗುವಷ್ಟು ಇಕ್ಕಟ್ಟಾದ ಒಂದೊಂದು ಅಡಗುತಾಣ ಹಾಗೂ ಸದಾ ಶುದ್ಧ ನೀರು ಇರಬೇಕು.

ಬಳಿಕ ಸುಮಾರು ಒಂದು ವಾರ ಹಾವನ್ನು ಕೈಯಲ್ಲಿ ಎತ್ತದೆ ಬಿಡಬೇಕು. ಬೇಟೆಯ ಗಾತ್ರ ಹಾವಿನ ದೇಹದ ಅತಿ ದಪ್ಪ ಭಾಗವನ್ನು ಮೀರಬಾರದು. ಹಿಮಗಟ್ಟಿಸಿದ ಇಲಿಯನ್ನು ಪೂರ್ಣವಾಗಿ ಕರಗಿಸಿ, ಬಿಸಿನೀರಿನಲ್ಲಿ ಸುಮಾರು 38 ಡಿಗ್ರಿಗೆ ಬೆಚ್ಚಗಾಗಿಸಿ, ಸಂಜೆಯ ಮೇಲೆ ಉದ್ದನೆಯ ಇಕ್ಕಳದಿಂದ ನೀಡಬೇಕು. ಹಾವಿನ ತುಟಿಗಳ ಮೇಲಿನ ಕುಳಿಗಳು ಶಾಖವನ್ನು ಗ್ರಹಿಸುತ್ತವೆ; ತಣ್ಣಗಿನ ಇಲಿ ಅದಕ್ಕೆ ಬೇಟೆಯಂತೆ ತೋರದು. ತಿನ್ನದಿದ್ದರೆ ಇಲಿಯನ್ನು ತೆಗೆದು, ಪ್ರೌಢ ಹಾವಾದರೆ ಒಂದರಿಂದ ಎರಡು ವಾರ ಬಿಟ್ಟು ಮತ್ತೆ ಪ್ರಯತ್ನಿಸಬೇಕು. ದಿನವೂ ಆಹಾರ ಒಡ್ಡುವುದರಿಂದ ಹಾವಿನ ಅಂಜಿಕೆ ಹೆಚ್ಚುತ್ತದೆ. ತಿಂದ ನಂತರ 48 ಗಂಟೆಗಳ ಕಾಲ ಅದನ್ನು ಮುಟ್ಟಬಾರದು.

ತಪ್ಪು ಕ್ರಮಗಳು

ಬಾಯಿ ತೆರೆಸಿ ಬಲವಂತವಾಗಿ ಉಣಿಸುವುದರಿಂದ ಬಾಯಿಗೂ ಅನ್ನನಾಳಕ್ಕೂ ಗಾಯವಾಗಬಹುದು. ಅದು ತಜ್ಞರು ಕೈಗೊಳ್ಳಬೇಕಾದ ಕೊನೆಯ ಉಪಾಯ. ಜೀವಂತ ಇಲಿಯನ್ನು ಪೆಟ್ಟಿಗೆಯಲ್ಲಿ ಬಿಟ್ಟು ಹೋದರೆ ಅದೇ ಹಾವನ್ನು ಕಚ್ಚಿ ತೀವ್ರವಾಗಿ ಗಾಯಗೊಳಿಸಬಹುದು. ಹಾಲು ಹಾವಿನ ಆಹಾರವಲ್ಲ. ಆಹಾರ ಬಿಟ್ಟ ಹಾವಿಗೆ ಹಾಲೆರೆಯುವುದರಿಂದ ಹಾನಿಯೇ ಹೆಚ್ಚು.

ವೈದ್ಯರ ಸಲಹೆ

ಉಪವಾಸದ ದಿನಗಳ ಲೆಕ್ಕಕ್ಕಿಂತ ತೂಕದ ಲೆಕ್ಕವೇ ಮುಖ್ಯ. ಅಡುಗೆಮನೆಯ ತಕ್ಕಡಿಯಂಥ ಡಿಜಿಟಲ್ ತಕ್ಕಡಿಯಲ್ಲಿ ನಿಯಮಿತವಾಗಿ ತೂಗಿ ಬರೆದಿಡಬೇಕು. ದೇಹತೂಕ ಶೇಕಡಾ 10ಕ್ಕಿಂತ ಹೆಚ್ಚು ಇಳಿದರೆ, ಬೆನ್ನೆಲುಬು ಎದ್ದು ಕಂಡರೆ, ಬಾಯಿಯಲ್ಲಿ ಕೀವು ಅಥವಾ ನೊರೆ ತೋರಿದರೆ, ಉಸಿರಾಟದಲ್ಲಿ ಸದ್ದು ಕೇಳಿಸಿದರೆ, ಮೈಮೇಲೆ ನುಸಿಗಳಿದ್ದರೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಬೇಕು. ಮರಿಗಳ ವಿಷಯದಲ್ಲಿ ಕಾಯದೆ ಬೇಗನೆ ಸಲಹೆ ಪಡೆಯುವುದು ಉತ್ತಮ.

ಭಾರತದಲ್ಲಿ ಕಾನೂನು

ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಮೇರೆಗೆ ಭಾರತೀಯ ಹೆಬ್ಬಾವು, ನಾಗರಹಾವು ಮುಂತಾದ ಸಂರಕ್ಷಿತ ದೇಶೀ ಹಾವುಗಳನ್ನು ಹಿಡಿದು ಸಾಕುವುದು ಅಪರಾಧ. ಮನೆಯ ಬಳಿ ಸಿಕ್ಕ ಹಾವಿಗೆ ಆಹಾರ ನೀಡಲು ಯತ್ನಿಸದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಬಾಲ್ ಹೆಬ್ಬಾವು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ಪ್ರಕಾರ ಇಂಥ ವಿದೇಶೀ ಪ್ರಾಣಿಗಳನ್ನು ಹೊಂದಿರುವವರು ಅವುಗಳನ್ನು ನೋಂದಾಯಿಸಬೇಕು.