ಪಾಲಕರ ತರಬೇತಿ
ಮಕ್ಕಳ ಹಟ, ಸಿಟ್ಟು, ಹೊಡೆದಾಟ ಮಿತಿಮೀರಿದಾಗ ಹೆತ್ತವರ ಮೂಲಕವೇ ಅದನ್ನು ತಿದ್ದುವ ಚಿಕಿತ್ಸಾ ವಿಧಾನ. 1960ರ ದಶಕದಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ ಇದಕ್ಕೆ ತಳಹದಿ ಹಾಕಿದವರಲ್ಲಿ ಪ್ರಮುಖರು. ರಂಪಕ್ಕೆ ಮಣಿದಷ್ಟೂ ರಂಪ ಬಲಿಯುತ್ತದೆ, ಒಳ್ಳೆಯ ನಡತೆಯನ್ನು ಆಗಿಂದಾಗಲೇ ಮೆಚ್ಚಿದರೆ ಅದು ನೆಲೆಯೂರುತ್ತದೆ ಎಂಬುದು ಇದರ ತಿರುಳು. ಕರ್ನಾಟಕದಲ್ಲಿ ಈ ಚಿಕಿತ್ಸೆ ಸಿಗುವ ಕೇಂದ್ರಗಳಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಒಂದು.

ಕನ್ನಡದ ಜೊತೆಗೆ ತೆಲುಗು, ಉರ್ದು, ಲಂಬಾಣಿ ಮನೆಮಾತುಗಳಿರುವ ರಾಯಚೂರು, ದೇವದುರ್ಗ, ಮಾನ್ವಿ ಭಾಗದಲ್ಲಿ ಹೊರಗಿನಿಂದ ಬಂದ ಈ ಪಾಠ ಇದ್ದ ಹಾಗೇ ಒಗ್ಗದು; ಮಾತಷ್ಟೇ ಅಲ್ಲ, ಮನೆಯ ರೀತಿಯೂ ಬೇರೆ. ಮಗುವನ್ನು ಬೇರೆ ಕೋಣೆಯಲ್ಲಿ ಕೂರಿಸುವ ‘ಟೈಮ್ ಔಟ್’ ಒಂದೇ ಕೋಣೆಯ ಮನೆಯಲ್ಲಿ ಎಲ್ಲಿ ನಡೆದೀತು? ತಾಯಿ ಬೇಡವೆಂದದ್ದನ್ನು ಅಜ್ಜಿ ಕೊಟ್ಟರೆ ನಿಯಮವೇ ಮುರಿಯುತ್ತದೆ. ಹೆತ್ತವರು ಗುಳೆ ಹೋದಾಗಲಂತೂ ಮಗು ಅಜ್ಜ-ಅಜ್ಜಿಯರ ಕೈಯಲ್ಲೇ. ಇಲ್ಲಿ ತರಬೇತಿ ಮೊದಲು ಬೇಕಾದುದು ಅವರಿಗೆ.