‘ಅಡುಗೆ ಬಾರದವರ’ ಊರಿನ ಊಟ

1884ರಲ್ಲಿ ಮುಂಬಯಿ ಸರ್ಕಾರ ತನ್ನ ಗೆಜೆಟಿಯರ್ ಮಾಲೆಯ 21ನೆಯ ಸಂಪುಟವಾಗಿ ಬೆಳಗಾವಿ ಜಿಲ್ಲೆಯ ಪುಸ್ತಕವನ್ನು ಹೊರತಂದಿತು. ಮಾಲೆಯ ಸಂಪಾದಕ ಜೇಮ್ಸ್ ಕ್ಯಾಂಬೆಲ್. ಪುಸ್ತಕದ ಜನರ ಕುರಿತ ಅಧ್ಯಾಯ ಇಡೀ ಜಿಲ್ಲೆಯನ್ನು ಜಾತಿಜಾತಿಯಾಗಿ ಬಿಡಿಸಿಟ್ಟು ಅವರ ಮೈಕಟ್ಟು, ಮನೆ, ಬಟ್ಟೆ, ಮದುವೆ, ಸಾವು ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಹೇಳುತ್ತಾ ಹೋಗುತ್ತದೆ. ಆ ಅಚ್ಚಿನಲ್ಲಿ ಊಟಕ್ಕೂ ಒಂದು ಮನೆಯಿದೆ: ಏನು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ, ಅಡುಗೆ ಹೇಗೆ ಮಾಡುತ್ತಾರೆ. ಈ ಮಾಲೆಯ ಕನ್ನಡ ಜಿಲ್ಲೆಗಳ ಸಂಪುಟಗಳನ್ನು ತಿರುವಿದವರಿಗೆ ಅಲ್ಲಿನ ತೀರ್ಪು ಬಾಯಿಪಾಠವಾಗಿರುತ್ತದೆ. ಜೋಳದ ರೊಟ್ಟಿ, ಬೇಳೆ, ಕಾಯಿಪಲ್ಲೆ ತಿನ್ನುವ ಜನರ ಮೇಲೆ ಮತ್ತೆಮತ್ತೆ ಬೀಳುವ ಷರಾ ಒಂದೇ. ತಿನ್ನುವುದರಲ್ಲಿ ಮುಂದು, ಅಡುಗೆಯಲ್ಲಿ ಹಿಂದು.

ನಾನು ಪಿಎಚ್.ಡಿ.ಗೆ ಓದುತ್ತಿರುವುದು ಇದೇ ಸೀಮೆಯ ಊಟದ ಇತಿಹಾಸವನ್ನು. ಗೋಕಾಕ, ಮೂಡಲಗಿ, ಹುಕ್ಕೇರಿ ನನ್ನ ಮೂರು ಊರುಗಳು. ಗೆಜೆಟಿಯರಿನ ಕಾಲಕ್ಕೆ ಹುಕ್ಕೇರಿ ಚಿಕ್ಕೋಡಿ ತಾಲ್ಲೂಕಿನ ಒಳಗಿತ್ತು. ಮೂಡಲಗಿ ತೀರ ಇತ್ತೀಚಿನವರೆಗೂ ಗೋಕಾಕ ತಾಲ್ಲೂಕಿನ ಊರೇ. ನನ್ನ ಅಜ್ಜಿಯ ತವರು ಹುಕ್ಕೇರಿ ಕಡೆಯದು. ಹಾಗಾಗಿ ಆ ಷರಾ ಓದುವಾಗ ನನಗೆ ಅದು ಬರೀ ಆಕರವಾಗಿ ಉಳಿಯುವುದಿಲ್ಲ. ಯಾರೋ ಸಾಹೇಬ ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಒಳಗೆ ಬಾರದೆ, ರುಚಿ ನೋಡದೆ ಅಂಕ ಹಾಕಿ ಹೋದ ಹಾಗೆ ಅನ್ನಿಸುತ್ತದೆ.

ತಾರೀಖನ್ನು ಗಮನಿಸಬೇಕು. ಪುಸ್ತಕ ಅಚ್ಚಾದದ್ದು 1884ರಲ್ಲಿ. 1876ರಿಂದ 78ರವರೆಗಿನ ಬರ ಮುಗಿದು ಆರು ವರ್ಷ ಆಗಿತ್ತಷ್ಟೆ. ಬೆಳಗಾವಿ, ಕಲಾದಗಿ, ಧಾರವಾಡ ಜಿಲ್ಲೆಗಳು ಆ ಬರದಲ್ಲಿ ಸುಟ್ಟುಹೋಗಿದ್ದವು. ಆಗ ಮದ್ರಾಸ್ ಸೀಮೆಯ ಬರಗಾಲದ ಕಾಮಗಾರಿಗಳಲ್ಲಿ ಕೂಲಿಯನ್ನು ಕಡಿತ ಮಾಡಿಸಿದ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯೇ 1877ರಲ್ಲಿ ಮುಂಬಯಿಯ ಗವರ್ನರ್ ಆಗಿ ಬಂದ. ಅವನ ಲೆಕ್ಕದಲ್ಲಿ ದಿನವಿಡೀ ದುಡಿಯುವ ಗಂಡಾಳಿಗೆ ಸಾಕಾಗುವ ಧಾನ್ಯ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ, ಜೊತೆಗೆ ಒಂದಿಷ್ಟು ಪುಡಿಗಾಸು. ನಮ್ಮ ಮನೆಯ ಅಳತೆಯಲ್ಲಿ ಅದು ಆರೇಳು ರೊಟ್ಟಿ. ಕಲ್ಲು ಒಡೆಯುವವನಿಗೆ ಒಂದು ಹೊತ್ತಿಗೆ ಸಾಲದು. ಇಂಥ ಬರ ಕಂಡ ಜನರನ್ನು ಆರೇ ವರ್ಷಗಳ ನಂತರ ಅದೇ ಸರ್ಕಾರದ ಪುಸ್ತಕ ತಿನ್ನುವುದರಲ್ಲಿ ಮುಂದು ಎಂದು ಕರೆಯಿತು. ಒಂದು ಸಲ ಎದುರಿಗೆ ಬಂದ ಊಟವನ್ನು ಹೊಟ್ಟೆತುಂಬ ಉಂಡುಬಿಡುವ ಅಭ್ಯಾಸ ಎಲ್ಲಿಂದ ಬರುತ್ತದೆ ಎಂದು ಆ ಪುಸ್ತಕ ಕೇಳಿಕೊಳ್ಳಲಿಲ್ಲ.

ಇನ್ನು ಅಡುಗೆ. ಗೋದಿಯಲ್ಲಿರುವ ಅಂಟಿನ ಗುಣ ಜೋಳದಲ್ಲಿಲ್ಲ. ತಣ್ಣೀರಿನಲ್ಲಿ ಕಲಸಿದರೆ ಹಿಟ್ಟು ಕೂಡುವುದಿಲ್ಲ, ಬಡಿಯಲು ಹೋದರೆ ಅಂಚು ಒಡೆಯುತ್ತದೆ. ಅದಕ್ಕೆ ಎಸರು ಬೇಕು. ಕುದಿಯುವ ನೀರು ತಾಗಿ ಹಿಟ್ಟಿನ ಪಿಷ್ಟ ಬೆಂದಾಗ ಜಿಗಿ ಹುಟ್ಟುತ್ತದೆ. ಆ ಜಿಗಿ ಆರುವುದರೊಳಗೆ ನಾದಿ, ಅಂಗೈಯಲ್ಲಿ ತಟ್ಟಿ, ತಿರುಗಿಸುತ್ತಾ ತಿರುಗಿಸುತ್ತಾ ಹಪ್ಪಳದಷ್ಟು ತೆಳ್ಳಗೆ ಮಾಡಿ, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ನೀರು ಪೂರ್ತಿ ಆರುವ ಮುಂಚೆ ಮಗುಚಬೇಕು. ಒಂದು ಕ್ಷಣ ತಡವಾದರೆ ಬಿರಿಯುತ್ತದೆ, ಬೇಗ ಮಗುಚಿದರೆ ಉಬ್ಬುವುದಿಲ್ಲ. ಹಳೆಯ ಜೋಳಕ್ಕೆ ಒಂದು ಎಸರು, ಹೊಸ ಜೋಳಕ್ಕೆ ಇನ್ನೊಂದು. ಲಟ್ಟಣಿಗೆ ಹಿಡಿದು ಗೋದಿ ಚಪಾತಿ ಮಾಡುವವರು ಒಮ್ಮೆ ಇದಕ್ಕೆ ಕೈಹಾಕಿ ನೋಡಬೇಕು. ಅದೇ ರೊಟ್ಟಿಯನ್ನು ಹಂಚಿನ ಮೇಲೆ ಒಣಗಿಸಿ ಕಡಕ್ ಮಾಡಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಉಳಿದ ಎಸರೂ ವ್ಯರ್ಥವಾಗುವುದಿಲ್ಲ, ಪಕ್ಕದ ಒಲೆಯ ಪಲ್ಲೆಗೆ ಹೋಗುತ್ತದೆ. ಇಷ್ಟು ಲೆಕ್ಕಾಚಾರ ಇರುವ ಅಡುಗೆಯಲ್ಲಿ ಸಂಪುಟದವರಿಗೆ ಕಂಡದ್ದು ಒಂದು ಬಗೆಯ ಒಣ ಬ್ರೆಡ್ಡು.

ಹಳೆಯ ಕನ್ನಡ ಪುಸ್ತಕಗಳೂ ಈ ರೊಟ್ಟಿಯ ಕಡೆ ಹೆಚ್ಚು ತಿರುಗಿ ನೋಡಿದಂತಿಲ್ಲ ಎಂಬುದು ನಿಜ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಅರಸನ ಊಟದ ಭೋಗಕ್ಕೇ ಬೇರೆ ಪ್ರಕರಣವಿದೆ. ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ ಎಂಬ ಪಾಕಗ್ರಂಥವನ್ನೇ ಕನ್ನಡದಲ್ಲಿ ಬರೆದ. ಇವೆರಡರಲ್ಲೂ ಮೆಣಸಿನಕಾಯಿ ಇಲ್ಲ, ಇರಲು ಸಾಧ್ಯವೂ ಇಲ್ಲ. ಅದು ಪೋರ್ಚುಗೀಸರ ಹಡಗುಗಳಲ್ಲಿ ಅಮೆರಿಕದಿಂದ ಗೋವೆಯ ದಂಡೆಗೆ ಬಂದದ್ದು ಆಮೇಲೆ. ಈಗ ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಹೆಸರೇ ಒಂದು ಮೆಣಸಿನಕಾಯಿಗೆ ಅಂಟಿಕೊಂಡಿದೆ. ಉದ್ದನೆಯ, ಸುಕ್ಕು ಸುಕ್ಕಾದ ಆ ಕಾಯಿ ಕೊಲ್ಹಾಪುರದ ಮಸಾಲೆಗೂ ಬೇಕು, ನಮ್ಮ ಕೆಂಪು ಹಿಂಡಿಗೂ ಬೇಕು. ಶೇಂಗಾ ಕೂಡ ಆ ಕಡೆಯಿಂದಲೇ ಬಂದದ್ದು. ಹಿಂಡಿ, ಶೇಂಗಾ ಚಟ್ನಿ ಎರಡನ್ನೂ ತೆಗೆದುಬಿಟ್ಟರೆ ನಮ್ಮ ‘ಜವಾರಿ’ ಊಟದ ತಾಟಿನಲ್ಲಿ ಉಳಿಯುವುದೆಷ್ಟು? ಜವಾರಿ ಎಂಬ ಮಾತನ್ನು ಎದೆಯುಬ್ಬಿಸಿ ಹೇಳುವ ಗೆಳೆಯರಿಗೆ ನಾನು ಇದನ್ನು ನೆನಪಿಸುತ್ತಿರುತ್ತೇನೆ. ಅವರಿಗೆ ಅದು ಹಿಡಿಸುವುದಿಲ್ಲ.

ಕರೆದು ಉಣಿಸುವ ವಿಷಯಕ್ಕೆ ಬಂದರೆ ಈ ಸೀಮೆಯ ದೊಡ್ಡ ಹಬ್ಬ ರೊಟ್ಟಿ ಪಂಚಮಿ. ನಾಗರ ಪಂಚಮಿಗೆ ಮುಂಚಿನ ದಿನ, ವಾರದಿಂದ ಬಡಿದಿಟ್ಟ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಕ್ ಜೋಳದ ರೊಟ್ಟಿ, ನಾಲ್ಕೈದು ಬಗೆಯ ಕಾಳುಪಲ್ಲೆ, ಬದನೆಕಾಯಿ, ಚಟ್ನಿಗಳನ್ನು ಇಟ್ಟುಕೊಂಡು ಹೆಂಗಸರು ಮನೆಯಿಂದ ಮನೆಗೆ ಹೋಗುತ್ತಾರೆ. ಕೊಟ್ಟಷ್ಟೇ ರೊಟ್ಟಿ ತಿರುಗಿ ಬರುತ್ತದೆ. ಸಂಜೆಗೆ ನಮ್ಮ ಬುಟ್ಟಿಯಲ್ಲಿ ನಮ್ಮ ರೊಟ್ಟಿ ಒಂದೂ ಇರುವುದಿಲ್ಲ, ಓಣಿಯದೆಲ್ಲ ಇರುತ್ತದೆ. ಯಾರ ಕೈ ತೆಳ್ಳಗಿನದು, ಯಾರ ಮನೆಯಲ್ಲಿ ಈ ವರ್ಷ ಎಳ್ಳು ಕಡಿಮೆ ಎಂಬ ವಿಮರ್ಶೆ ವಾರವಿಡೀ ನಡೆಯುತ್ತದೆ. ಗೆಜೆಟಿಯರಿನ ವಿಮರ್ಶೆಗಿಂತ ಇದು ಕಠಿಣ, ಆದರೆ ಇದು ತಿಂದವರ ವಿಮರ್ಶೆ. ಒಂದು ಮಾತು ಮಾತ್ರ ಸೇರಿಸಬೇಕು. ರೊಟ್ಟಿ ಎಲ್ಲ ಓಣಿಗಳಿಗೂ ಹೋಗುತ್ತಿರಲಿಲ್ಲ. ಯಾವ ಓಣಿಯ ತುದಿಯಲ್ಲಿ ಬುಟ್ಟಿ ಹಿಂದಕ್ಕೆ ತಿರುಗುತ್ತಿತ್ತು ಎಂದು ಕೇಳಿದರೆ ಊರಿನ ನಕ್ಷೆ ತಾನಾಗಿ ಬಿಡಿಸಿಕೊಳ್ಳುತ್ತದೆ.

ಗೋಕಾಕ ಅಂದಕೂಡಲೇ ಹೊರಗಿನವರಿಗೆ ನೆನಪಾಗುವುದು ಫಾಲ್ಸ್, ಅದರ ಬೆನ್ನಿಗೆ ಕರದಂಟು. ಹೆಸರಿನಲ್ಲೇ ಪಾಕವಿದೆ: ಕರಿದ ಅಂಟು. ಮರದ ಅಂಟನ್ನು ತುಪ್ಪದಲ್ಲಿ ಕರಿದರೆ ಅರಳಿನ ಹಾಗೆ ಅರಳುತ್ತದೆ. ಅದಕ್ಕೆ ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಗೋಡಂಬಿ ಸೇರಿಸಿ ಬೆಲ್ಲದ ಪಾಕದಲ್ಲಿ ಕೂಡಿಸುತ್ತಾರೆ. ಇದು ಮೂಲದಲ್ಲಿ ಬಾಣಂತಿಯ ತಿನಿಸು. ಹೆರಿಗೆಯಾದ ಮಗಳ ಸೊಂಟ ಗಟ್ಟಿಯಾಗಲೆಂದು ತವರಿನಲ್ಲಿ ಮಾಡಿ ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದದ್ದು ಈಗ ಬಸ್‌ಸ್ಟ್ಯಾಂಡಿನಲ್ಲಿ ಬಣ್ಣದ ಡಬ್ಬಿಯಲ್ಲಿ ಮಾರಾಟಕ್ಕಿದೆ. ಬಾಗಲಕೋಟೆ ಜಿಲ್ಲೆಯ ಅಮೀನಗಡದವರು ತಮ್ಮದೇ ಹೆಚ್ಚು ಎನ್ನುತ್ತಾರೆ. ಆ ಜಗಳದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ. ಗಂಡಸರು ಮುಟ್ಟದಿದ್ದ ಬಾಣಂತಿಕೋಣೆಯ ತಿಂಡಿ ಊರಿನ ಗುರುತಾಗಿ, ಅಂಗಡಿಗಳಲ್ಲಿ ಗಂಡಸರ ಹೆಸರಿನಲ್ಲಿ ನಿಂತಿರುವುದು ನನಗೆ ಕುತೂಹಲದ ಸಂಗತಿ.

ಹೊರಗೆ ಉಣ್ಣುವ ಚರಿತ್ರೆ ಬೇರೆ ದಾರಿಯದು. 1885ರಲ್ಲಿ ಘಟಪ್ರಭೆಯ ನೀರಿನ ಬಲ ನಂಬಿ ಗೋಕಾಕದ ನೂಲಿನ ಗಿರಣಿಯ ಕಂಪನಿ ಹುಟ್ಟಿತು, ಎರಡು ವರ್ಷದಲ್ಲಿ ಫಾಲ್ಸ್ ಪಕ್ಕ ಗಿರಣಿ ನಡೆಯತೊಡಗಿತು. ಅದೇ ದಶಕದಲ್ಲಿ ಪುಣೆ–ಬೆಳಗಾವಿ ಕಡೆಯ ರೈಲು ಘಟಪ್ರಭಾ, ಗೋಕಾಕ ರೋಡ್ ಸ್ಟೇಷನ್ನುಗಳನ್ನು ಹಾದುಹೋಯಿತು. ಗಿರಣಿಯ ಭೋಂಗಾ ಕೂಗಿದಾಗ ಉಣ್ಣಬೇಕು ಎಂಬುದು ಹೊಸ ನಿಯಮ. ಹೊಲಕ್ಕೆ ಬುತ್ತಿ ಹೊತ್ತು ತರುವ ಹೆಂಡತಿ ಗಿರಣಿಯ ಗೇಟಿನ ಒಳಗೆ ಬರಲಾರಳು. ಒಂಟಿ ಗಂಡಸರು, ಕಚೇರಿಗೆ ಬಂದ ಕಕ್ಷಿದಾರರು, ಶಾಲೆ ಕಲಿಯಲು ಬಂದ ಹುಡುಗರು, ಮೂಡಲಗಿಯ ದನದ ಸಂತೆಗೆ ಎಮ್ಮೆ ಹೊಡೆದುಕೊಂಡು ಬಂದವರು, ಇವರಿಗೆಲ್ಲ ಹಣ ಕೊಟ್ಟು ಉಣ್ಣುವ ಜಾಗ ಬೇಕಾಯಿತು. ಅದರ ಹೆಸರು ಖಾನಾವಳಿ. ಪದ ಮರಾಠಿಯದು. ಮುಂಬಯಿಯ ಗಿರಣಗಾಂವಿನಲ್ಲಿ ಹೆಂಗಸರು ತಮ್ಮ ಮನೆಯ ಒಲೆಯಲ್ಲೇ ಗಿರಣಿ ಕಾರ್ಮಿಕರಿಗೆ ಅಡುಗೆ ಮಾಡಿ ತಿಂಗಳ ಲೆಕ್ಕದಲ್ಲಿ ಉಣಬಡಿಸುತ್ತಿದ್ದರು. 1975ರಲ್ಲಿ ಪ್ರೇಮಾ ಪುರವ್ ಆ ಹೆಂಗಸರನ್ನು ಸೇರಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ನಮ್ಮ ಕಡೆ ಖಾನಾವಳಿಯ ಬೋರ್ಡಿನಲ್ಲಿ ಬಸವೇಶ್ವರನ ಹೆಸರಿರುತ್ತದೆ, ಗಲ್ಲೆಯ ಮೇಲೆ ಮಾಲೀಕ ಕೂತಿರುತ್ತಾನೆ, ರೊಟ್ಟಿ ಬಡಿಯುವ ಸದ್ದು ಮಾತ್ರ ಹಿಂದಿನ ಕೋಣೆಯಿಂದ ಬರುತ್ತದೆ. ಬಡಿಯುವವರು ಬಹುಪಾಲು ಹೆಂಗಸರು. ಮನೆಯ ಅಡುಗೆ ಹೊರಗೆ ಬಂತು, ಅಡುಗೆಯವಳು ಒಳಗೇ ಉಳಿದಳು.

ಬೋರ್ಡು ಇನ್ನೂ ಒಂದು ವಿಷಯ ಹೇಳುತ್ತದೆ. ‘ಲಿಂಗಾಯತ ಖಾನಾವಳಿ’, ‘ಸಾವಜಿ ಖಾನಾವಳಿ’, ‘ಬ್ರಾಹ್ಮಣರ ಹೋಟೆಲು’ ಎಂದು ಬರೆಸುವುದು ರುಚಿಯ ಜಾಹೀರಾತು ಮಾತ್ರವಾಗಿರಲಿಲ್ಲ. ಹೊರಗೆ ಉಣ್ಣುವುದೆಂದರೆ ಯಾರು ಮುಟ್ಟಿದ್ದು, ಯಾರ ಪಕ್ಕ ಕೂತದ್ದು ಎಂಬ ಭಯ. ಜಾತಿಯ ಹೆಸರು ಆ ಭಯಕ್ಕೆ ಕೊಟ್ಟ ಖಾತರಿ. ಹುಕ್ಕೇರಿ ಸೀಮೆಯಿಂದ ಬಹಳ ದೂರವಿಲ್ಲದ ಕೊಲ್ಹಾಪುರದಲ್ಲಿ ಇದಕ್ಕೆ ಸಿಕ್ಕ ಉತ್ತರ ಪ್ರಸಿದ್ಧವಾದದ್ದು. ಅರಮನೆಯ ಲಾಯದಲ್ಲಿದ್ದ ದಲಿತ ನೌಕರ ಗಂಗಾರಾಮ ಕಾಂಬಳೆ ನೀರಿನ ತೊಟ್ಟಿ ಮುಟ್ಟಿದ್ದಕ್ಕೆ ಮೇಲ್ಜಾತಿಯ ನೌಕರರಿಂದ ಪೆಟ್ಟು ತಿಂದ. ಶಾಹೂ ಮಹಾರಾಜರ ನೆರವಿನಿಂದ ಅವನು ಚಹಾದ ಹೋಟೆಲು ತೆರೆದ. ಗಿರಾಕಿಗಳು ಬರಲಿಲ್ಲ. ಆಗ ಮಹಾರಾಜರೇ ತಮ್ಮ ಪರಿವಾರದೊಂದಿಗೆ ಅಲ್ಲಿ ಬಂಡಿ ನಿಲ್ಲಿಸಿ ಅವನ ಕೈಯಿಂದ ಚಹಾ ಕುಡಿಯತೊಡಗಿದರು. ಮಹಾರಾಜ ಕುಡಿದ ಮೇಲೆ ಸರದಾರರು ಬೇಡವೆನ್ನುವುದು ಹೇಗೆ? 1922ರಲ್ಲಿ ಶಾಹೂ ತೀರಿಕೊಂಡರು. ಒಂದು ಕಪ್ಪು ಚಹಾ ಕುಡಿಸಲು ಒಬ್ಬ ಮಹಾರಾಜ ಬೇಕಾಯಿತು ಎಂಬುದರಲ್ಲೇ ಆ ಕಾಲದ ಹೋಟೆಲಿನ ಕಥೆಯಿದೆ.

ಆಮೇಲೆ ಕಾನೂನುಗಳು ಬಂದವು. 1946ರಲ್ಲಿ ಮುಂಬಯಿ ಪ್ರಾಂತ್ಯದ್ದು, 1955ರಲ್ಲಿ ಇಡೀ ದೇಶದ್ದು. ನಡುವೆ ಸಂವಿಧಾನದ 15ನೆಯ ವಿಧಿ. ಆ ವಿಧಿಯ ಎರಡನೆಯ ಭಾಗದಲ್ಲಿ ಅಂಗಡಿ, ಹೋಟೆಲು, ಉಪಾಹಾರ ಗೃಹಗಳ ಹೆಸರು ಬಾವಿ, ಕೆರೆಗಳ ಜೊತೆಗೇ ಬರುತ್ತದೆ. ರಾಜ್ಯಶಾಸ್ತ್ರದ ತರಗತಿಗಳಲ್ಲಿ ಈ ಸಾಲನ್ನು ಬೇಗ ದಾಟಿಬಿಡುತ್ತೇವೆ. ಹೋಟೆಲಿನಲ್ಲಿ ಕೂತು ಒಂದು ಪ್ಲೇಟು ಭಜಿ ತಿನ್ನುವುದನ್ನು ಮೂಲಭೂತ ಹಕ್ಕುಗಳ ನಡುವೆ ಬರೆದಿಡಬೇಕಾದ ದೇಶ ನಮ್ಮದು. ಬರೆದ ಮೇಲೂ ಹಳ್ಳಿಗಳ ಚಹಾದಂಗಡಿಗಳಲ್ಲಿ ಬೇರೆ ಲೋಟ ಗೋಡೆಯ ಗೂಡಿನಲ್ಲಿ ದಶಕಗಟ್ಟಲೆ ಕೂತಿತ್ತು. ಪ್ಲಾಸ್ಟಿಕ್ ಮತ್ತು ಕಾಗದದ ಕಪ್ಪು ಬಂದ ಮೇಲೆ ಆ ಗೂಡು ಕಾಣದಂತಾಯಿತು. ಎಲ್ಲರಿಗೂ ಎಸೆಯುವ ಕಪ್ಪೇ ಕೊಟ್ಟರೆ ತೊಳೆಯುವ ಪ್ರಶ್ನೆಯೂ ಇಲ್ಲ, ಬದಲಾಗುವ ಪ್ರಶ್ನೆಯೂ ಇಲ್ಲ.

ಊಟದ ತಾಟೂ ಈಚೆಗೆ ಬದಲಾಗಿದೆ. 1897ರ ಧೂಪದಾಳ ಒಡ್ಡಿನ ಕಾಲುವೆ, ನಂತರದ ಹಿಡಕಲ್ ಜಲಾಶಯ ಈ ಸೀಮೆಗೆ ನೀರು ಕೊಟ್ಟವು. ನೀರು ಬಂದಲ್ಲಿ ಕಬ್ಬು ಬಂತು, ಗೋವಿನಜೋಳ ಬಂತು, ಜೋಳ ಸರಿಯಿತು. ಗೋಕಾಕ–ಮೂಡಲಗಿ ದಾರಿಯ ಎರಡೂ ಬದಿಗೆ ಆಳೆತ್ತರದ ಕಬ್ಬು ನಿಂತಿದೆ. ಖಾನಾವಳಿಯ ರೊಟ್ಟಿಗೆ ಬಿಳಿಜೋಳ ವಿಜಯಪುರ ಕಡೆಯಿಂದ ಬರಬೇಕು. ಒಂದು ಕಾಲದಲ್ಲಿ ಅನ್ನ ಹಬ್ಬದ ಊಟ, ರೊಟ್ಟಿ ದಿನದ ಊಟ. ಈಗ ಪಡಿತರದ ಅಕ್ಕಿ ದಿನದ್ದು, ಹೋಟೆಲಿನ ಬಿಸಿರೊಟ್ಟಿಗೆ ಬೇರೆ ದರ.

ಧಾರವಾಡದ ನನ್ನ ಬಾಡಿಗೆ ಕೋಣೆಗೆ ಪಂಚಮಿಯ ಹೊತ್ತಿಗೆ ಅವ್ವ ಬಸ್ಸಿನಲ್ಲಿ ರೊಟ್ಟಿಯ ಗಂಟು ಕಳಿಸುತ್ತಾಳೆ. ಐದಾರು ಗೆಳೆಯರು ಸೇರುತ್ತೇವೆ. ತಾಟು ಸಾಲದೆ ಹಳೆಯ ಪೇಪರಿನ ಮೇಲೆ ರೊಟ್ಟಿ ಹರಡಿ, ನಡುವೆ ಒಂದೇ ಬೋಗುಣಿಯಲ್ಲಿ ಹೆಸರುಕಾಳಿನ ಪಲ್ಲೆ ಇಡುತ್ತೇವೆ. ಹಿಂಡಿಗೆ ಬೆಣ್ಣೆ ಬೇಕೋ ಮೊಸರು ಬೇಕೋ ಎಂಬ ಜಗಳ ಪ್ರತಿ ವರ್ಷ ಆಗುತ್ತದೆ. ಕಳೆದ ಸಲ ಅಫಜಲಪುರದ ಗೆಳತಿ ತನ್ನ ಮನೆಯ ಸಜ್ಜೆರೊಟ್ಟಿ ತಂದಿದ್ದಳು. ಅವು ಅವ್ವ ಕಳಿಸಿದ್ದಕ್ಕಿಂತ ತೆಳ್ಳಗಿದ್ದವು. ಫೋನಿನಲ್ಲಿ ಅವ್ವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಎಳ್ಳು ಎಷ್ಟು ಹಚ್ಚಿದ್ದರು ಎಂದು ಕೇಳಿದಳು.