ಎತ್ತಿನ ಜಾಗಕ್ಕೆ ಬಂದ ಸಣ್ಣ ಟ್ರ್ಯಾಕ್ಟರ್

ಯಾದಗಿರಿ ಜಿಲ್ಲೆಯ ಕಡೇಚೂರು ಮತ್ತು ಸುತ್ತಲಿನ ಸೈದಾಪುರ ಸೀಮೆಯ ಒಕ್ಕಲು ಮನೆಯಲ್ಲಿ ಬಿತ್ತನೆಗೂ ರಾಶಿಗೂ ಹಿಡಿಯುವ ದಿನಗಳು ವರ್ಷದಲ್ಲಿ ಕೆಲವೇ. ಉಳಿದ ದಿನವೆಲ್ಲ ತಿಪ್ಪೆಯ ಗೊಬ್ಬರ ಹೊಲಕ್ಕೆ ಹೊರುವುದು, ಕಣಕಿ ತಂದು ಬಣವೆ ಒಟ್ಟುವುದು, ಮಳೆಗೆ ಒಡೆದ ಬದುವಿಗೆ ಮಣ್ಣು ಹಾಕುವುದು, ನೀರು ತರುವುದು, ಸಾಲಿನ ನಡುವೆ ಎಡೆ ಹೊಡೆಯುವುದು ಇಂಥ ಕೆಲಸಗಳಲ್ಲೇ ಕಳೆಯುತ್ತವೆ. ತಲೆಮಾರುಗಳ ಕಾಲ ಇವೆಲ್ಲ ಒಂದು ಜೋಡಿ ಎತ್ತಿನ ಪಾಲಿನವು. ಈಗ ಅನೇಕ ಮನೆಗಳಲ್ಲಿ ಇವು 15ರಿಂದ 25 ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರಿನ ಪಾಲಿಗೆ ಬಂದಿವೆ.

ಎತ್ತಿನ ಕಾಲದಲ್ಲಿ ಕೆಲಸಕ್ಕೊಂದು ಸಾಮಾನು ಇತ್ತು. ಉಳುವುದಕ್ಕೆ ರೆಂಟಿ, ನೆಲ ಹಸನು ಮಾಡಲು ಕುಂಟಿ, ಬಿತ್ತಲು ಕೂರಿಗಿ, ಬೆಳೆ ಎದ್ದ ಮೇಲೆ ಕಳೆ ಕೀಳಲು ಎಡಿಕುಂಟಿ. ಸುಗ್ಗಿ ಬಂದರೆ ಅದೇ ಎತ್ತು ಕಣದಲ್ಲಿ ರೋಣಗಲ್ಲು ಎಳೆಯುತ್ತಿತ್ತು, ಹಂತಿ ತುಳಿಯುತ್ತಿತ್ತು. ಸಂತೆಯ ದಿನ ಬಂಡಿಗೆ ಹೂಡಿಸಿಕೊಳ್ಳುತ್ತಿತ್ತು. ಮರದ ಕೆಲಸ ಬಡಿಗೇರರದು, ಕಬ್ಬಿಣದ ಅಲಗು ಕಂಬಾರರದು. ಇಬ್ಬರಿಗೂ ಕೂಲಿಯಾಗಿ ರಾಶಿಯ ಹೊತ್ತಿಗೆ ಕಣದಲ್ಲೇ ಆಯದ ಕಾಳು ಸಲ್ಲುತ್ತಿತ್ತು. ಒಂಟಿ ಎತ್ತಿದ್ದವರು ಇನ್ನೊಬ್ಬರ ಒಂಟಿ ಎತ್ತಿನೊಡನೆ ಜೋಡಿ ಕಟ್ಟಿ, ಸರದಿಯ ಮೇಲೆ ಇಬ್ಬರ ಹೊಲವನ್ನೂ ಹೊಡೆಯುತ್ತಿದ್ದರು.

ಈ ವ್ಯವಸ್ಥೆಗೆ ಹೊರಗಿನಿಂದ ಬಂದ ಮೊದಲ ದೊಡ್ಡ ಬದಲಾವಣೆ ಯಂತ್ರವಲ್ಲ, ಕಬ್ಬಿಣದ ನೇಗಿಲು. ಬೆಳಗಾವಿಯಲ್ಲಿ ಉದ್ಯೋಗ ಆರಂಭಿಸಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1903ರಲ್ಲಿ ಕಬ್ಬಿಣದ ನೇಗಿಲು ತಯಾರಿಸಿದರು. 1910ರಲ್ಲಿ ಕಾರ್ಖಾನೆ ಕಿರ್ಲೋಸ್ಕರವಾಡಿಗೆ ಹೋಯಿತು. ಎರೆ ನೆಲದಲ್ಲಿ ಆಳಕ್ಕೆ ಬೇರುಬಿಟ್ಟ ಕರಕಿಯನ್ನು ಕಿತ್ತು ಮೇಲೆ ಹಾಕಲು ಮರದ ರೆಂಟಿಗೆ ಆಗುತ್ತಿರಲಿಲ್ಲ. ದೊಡ್ಡ ಕಬ್ಬಿಣದ ನೇಗಿಲಿಗೆ ಅದು ಸಾಧ್ಯವಾಯಿತು, ಆದರೆ ಎಳೆಯಲು ಒಂದು ಜೋಡಿ ಎತ್ತು ಸಾಲುತ್ತಿರಲಿಲ್ಲ. ಎತ್ತಿನ ಶಕ್ತಿಗೆ ಮಿತಿಯಿದೆ ಎಂಬುದು ಒಕ್ಕಲಿಗನಿಗೆ ಕಣ್ಣಿಗೆ ಕಟ್ಟುವಂತೆ ಕಂಡದ್ದು ಇಲ್ಲಿಯೇ.

ಭಾರತದಲ್ಲೇ ತಯಾರಾದ ಮೊದಲ ಟ್ರ್ಯಾಕ್ಟರನ್ನು ಐಷರ್ ಕಂಪನಿ 1959ರಲ್ಲಿ ಫರೀದಾಬಾದಿನಿಂದ ಹೊರತಂದಿತು. ಬೆಂಗಳೂರಿನ ಎಚ್‌ಎಂಟಿ ಸಂಸ್ಥೆ 1971ರಲ್ಲಿ ಜೆಕೊಸ್ಲೊವಾಕಿಯಾದ ಜೆಟರ್ ತಂತ್ರಜ್ಞಾನದಿಂದ ಹರಿಯಾಣದ ಪಿಂಜೋರಿನಲ್ಲಿ 25 ಅಶ್ವಶಕ್ತಿಯ ಟ್ರ್ಯಾಕ್ಟರ್ ತಯಾರಿಸತೊಡಗಿತು. 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಈ ಭಾಗದಲ್ಲಿ ಟ್ರ್ಯಾಕ್ಟರಿಗೆ ನಿಜವಾದ ಬೇಡಿಕೆ ತಂದದ್ದು ನೀರು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ನಾರಾಯಣಪುರದ ಬಸವಸಾಗರ ಅಣೆಕಟ್ಟು 1980ರ ದಶಕದಲ್ಲಿ ತುಂಬಿದ ಮೇಲೆ ಎಡದಂಡೆ ಕಾಲುವೆ ಸುರಪುರ, ಶಹಾಪುರ ತಾಲ್ಲೂಕುಗಳಿಗೆ ಭತ್ತ ತಂದಿತು. ಆಂಧ್ರದಿಂದ ಬಂದವರ ಕ್ಯಾಂಪುಗಳು ಎದ್ದವು, ಕೆಸರುಗದ್ದೆಗೆ ಕಬ್ಬಿಣದ ಪಂಜರಗಾಲಿ ಹಾಕಿದ ದೊಡ್ಡ ಟ್ರ್ಯಾಕ್ಟರುಗಳು ಇಳಿದವು. ಕಡೇಚೂರಿಗೆ ಆ ಕಾಲುವೆ ಬರಲಿಲ್ಲ. ಭೀಮೆಯ ಪೂರ್ವಕ್ಕಿರುವ ಈ ಸೀಮೆ ಬಹುಪಾಲು ಮಳೆ ನಂಬಿದ ತೊಗರಿ, ಹತ್ತಿ, ಜೋಳ, ಹೆಸರು, ಶೇಂಗಾದ ನೆಲವಾಗಿಯೇ ಉಳಿಯಿತು. ಇಲ್ಲಿ ದೊಡ್ಡ ಟ್ರ್ಯಾಕ್ಟರ್ ಬಾಡಿಗೆಗೆ ಬಂದು, ಬೇಸಿಗೆಯಲ್ಲಿ ಪಲ್ಟಿ ನೇಗಿಲು ಹೊಡೆದು ಹೋಗುವ ಅತಿಥಿ.

ಆದ್ದರಿಂದ ದೊಡ್ಡ ಟ್ರ್ಯಾಕ್ಟರ್ ಎತ್ತನ್ನು ಓಡಿಸಿತು ಎನ್ನುವುದು ಅರ್ಧ ಸತ್ಯ. ಅದು ನೇಗಿಲಿನಿಂದ ಮಾತ್ರ ಎತ್ತನ್ನು ಬಿಡಿಸಿತು. ಬೆಳೆ ನಿಂತ ಹೊಲಕ್ಕೆ ಅದು ಇಳಿದರೆ ಸಾಲೇ ನೆಲಸಮ. ಹಿತ್ತಲಿನಲ್ಲಿ ತಿರುಗಿಸಲು ಜಾಗ ಸಾಲದು. ಎರಡು ಹೊರೆ ಕಣಕಿಗಾಗಿ ಅದನ್ನು ಹೊರಡಿಸಿದರೆ ಡೀಸೆಲ್ಲಿನ ದುಡ್ಡೂ ಹುಟ್ಟದು. ಎಡಿಕುಂಟಿ, ಬಂಡಿ, ತಿಪ್ಪೆ ಮೂರೂ ಇನ್ನಷ್ಟು ವರ್ಷ ಎತ್ತಿನ ಕೈಯಲ್ಲೇ ಉಳಿದವು.

ಆ ಕೊನೆಯ ಜಾಗಕ್ಕೆ ಬಂದದ್ದು ಜಪಾನಿನ ಮಾದರಿ. ಅಲ್ಲಿನ ತುಂಡು ಗದ್ದೆಗಳಿಗೆಂದೇ ಬೆಳೆದ ಸಣ್ಣ ಯಂತ್ರಗಳಲ್ಲಿ ಒಂದನ್ನು, 21 ಅಶ್ವಶಕ್ತಿಯದನ್ನು, ಕುಬೋಟ ಕಂಪನಿ 1969ರಲ್ಲಿ ಅಮೆರಿಕಕ್ಕೆ ಒಯ್ದಿತು. ಅಲ್ಲಿ ಅದು ಹುಲ್ಲು ಕತ್ತರಿಸುವ, ಹಿಮ ಸರಿಸುವ, ಮಣ್ಣು ತುಂಬುವ ಮನೆಗೆಲಸದ ಬಂಟನಾಯಿತು. ಕರ್ನಾಟಕದಲ್ಲಿ ಆ ದಾರಿ ತೆರೆದದ್ದು 1967ರಲ್ಲಿ ಬೆಂಗಳೂರಿನಲ್ಲಿ ಮಿತ್ಸುಬಿಷಿಯ ಸಹಯೋಗದೊಂದಿಗೆ ಆರಂಭವಾದ ವಿಎಸ್‌ಟಿ ಟಿಲ್ಲರ್ಸ್. ಅದರ ಪವರ್ ಟಿಲ್ಲರ್ ಗದ್ದೆ, ತೋಟದ ನಾಡಿನಲ್ಲಿ ಓಡಿತು. ಆದರೆ ಯಂತ್ರದ ಹಿಂದೆ ಮೈಲುಗಟ್ಟಲೆ ನಡೆಯಬೇಕಾದ ಅದು ಬಯಲು ಸೀಮೆಯ ಎರೆ ಹೊಲಕ್ಕೆ ಒಗ್ಗಲಿಲ್ಲ. ಕುಳಿತು ಓಡಿಸುವ 18.5 ಅಶ್ವಶಕ್ತಿಯ ಶಕ್ತಿ ಎಂಟಿ 180ಡಿ, ಆಮೇಲೆ 15 ಅಶ್ವಶಕ್ತಿಯ ಮಹೀಂದ್ರಾ ಯುವರಾಜ್ 215 ಬಂದ ಮೇಲೆ ಲೆಕ್ಕ ಬದಲಾಯಿತು.

ಇದರ ಗುಟ್ಟು ಗಾಲಿಗಳ ನಡುವಿನ ಅಂತರದಲ್ಲಿದೆ. ಹಿಂದಿನ ಗಾಲಿಗಳನ್ನು ಬಿಚ್ಚಿ ರಿಮ್ಮನ್ನು ಒಳಮುಖ ಮಾಡಿ ಕೂರಿಸಿದರೆ ಯಂತ್ರ ಮೂರಡಿಯ ಆಸುಪಾಸಿಗೆ ಕಿರಿದಾಗುತ್ತದೆ. ಅಗಲ ಸಾಲಿನ ತೊಗರಿ, ಹತ್ತಿಯ ನಡುವೆ ಅದು ಗಿಡ ಮುರಿಯದೆ ಹಾಯುತ್ತದೆ. ಹತ್ತಿ ಮೊಳಕಾಲು ದಾಟುವವರೆಗೆ ಮಾತ್ರ ಈ ಆಟ. ಅನಂತರ ಯಂತ್ರದ ಹೊಟ್ಟೆ ಗಿಡದ ತಲೆಗೆ ತಾಗುತ್ತದೆ. ಆಗ ಎತ್ತಿನ ಬಾಯಿಗೆ ಕುಕ್ಕೆ ಕಟ್ಟಿ ಎಡಿಕುಂಟಿ ಹೂಡುವುದೇ ಸರಿ. ಉಳಿದಂತೆ ಎಂಜಿನ್ನಿನ ಶಕ್ತಿಯನ್ನು ಹೊರಗೆ ಕೊಡುವ ಹಿಂದಿನ ಪಿಟಿಒ ದಂಡಕ್ಕೆ ಜೋಡಿಸಿದರೆ ಔಷಧ ಹೊಡೆಯುವ ಪಂಪು, ಕಣಕಿ ಕೊಚ್ಚುವ ಯಂತ್ರ ತಿರುಗುತ್ತವೆ; ಕೊಂಡಿಗೆ ಸಿಕ್ಕಿಸಿದರೆ ಸಣ್ಣ ಟ್ರೇಲರು ತಿಪ್ಪೆಯಿಂದ ಹೊಲಕ್ಕೆ ಗೊಬ್ಬರ ಎಳೆಯುತ್ತದೆ.

ಎತ್ತಿಗೆ ದುಡಿಮೆ ಇಲ್ಲದ ದಿನವೂ ಮೇವು ಬೇಕು, ನೋಡಿಕೊಳ್ಳುವ ಆಳು ಬೇಕು. ಬೆಂಗಳೂರು, ಮುಂಬಯಿ, ಹೈದರಾಬಾದಿಗೆ ಗುಳೆ ಹೋಗುವ ಯಾದಗಿರಿ ಜಿಲ್ಲೆಯಲ್ಲಿ ಆ ಆಳು ಸಿಗುವುದು ಕಷ್ಟವಾಗಿದೆ. ಸರ್ಕಾರದ ಸಹಾಯಧನ, 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳು ಯಂತ್ರದ ಕಡೆಗೇ ತಕ್ಕಡಿ ಬಾಗಿಸಿದವು. ಇತ್ತ ಕಡೇಚೂರು, ಬಾಡಿಯಾಳದಲ್ಲಿ ಕೈಗಾರಿಕಾ ಪ್ರದೇಶಕ್ಕೆಂದು ಮೂರು ಸಾವಿರ ಎಕರೆಗೂ ಹೆಚ್ಚು ಜಮೀನು ಸ್ವಾಧೀನವಾಯಿತು. ಹೊಲ ಹೋದ ಮನೆಗೆ ಎತ್ತೂ ಬೇಡ, ಟ್ರ್ಯಾಕ್ಟರೂ ಬೇಡ. ಕಳೆದುಕೊಂಡ ಇನ್ನೊಂದು ವಸ್ತುವನ್ನು ಯಾವ ಲೆಕ್ಕವೂ ಹಿಡಿಯುವುದಿಲ್ಲ: ಸಗಣಿ. ಗೊಬ್ಬರ ಹೊರುವ ಯಂತ್ರ ಬಂದ ಮನೆಯಲ್ಲಿ ಹೊರುವ ಗೊಬ್ಬರವೇ ಕಡಿಮೆಯಾದದ್ದು ಈ ಬದಲಾವಣೆಯ ದೊಡ್ಡ ನಷ್ಟ.

ಎಳ್ಳಮಾಸೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವ ಮಂದಿ ಈಗ ಬಂಡಿಗಿಂತ ಹೆಚ್ಚಾಗಿ ಟ್ರೇಲರಿನಲ್ಲಿ ಕೂರುತ್ತಾರೆ. ಸಣ್ಣ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಅಲಗಿಗೆ ಇಂದಿಗೂ ಕುಂಟಿ ಎಂದೇ ಹೆಸರು. ಅದನ್ನು ಮಾಡಿಕೊಡುವುದು ವೆಲ್ಡಿಂಗ್ ಅಂಗಡಿ; ಕೂಲಿ ರೊಕ್ಕದಲ್ಲಿ.